ಐಸಿನ ಮೇಲಿನ ಎರಡು ಕಪ್ಪು ಗೆರೆ, ಮತ್ತು ಎರಡು ಬ್ಲಾಟೆನ್

ಪ್ರಶ್ನೆ: ಮೇಡಂ, ನಾನು ಸಾಗರದ ಕಡೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು, ಅಳಿಯ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದಾರೆ. ಕಳೆದ ಸಲ ಹೋದಾಗ ರೈಲಿನಲ್ಲಿ ಯುಂಗ್‌ಫ್ರೌಯೋಖ್‌ಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಅಲೆಚ್ ಹಿಮನದಿ ನೋಡಿದೆವು. ಬಿಳಿ ಐಸಿನ ಮೇಲೆ ದೂರದಲ್ಲಿ ಎರಡು ಕಪ್ಪು ಗೆರೆ ಉದ್ದಕ್ಕೂ ಎಳೆದ ಹಾಗೆ ಕಾಣಿಸಿದವು. ರೈಲಿನ ಮಸಿ ಎಂದು ಜೊತೆಯಲ್ಲಿದ್ದವರೊಬ್ಬರು, ರಸ್ತೆ ಎಂದು ಇನ್ನೊಬ್ಬರು ಹೇಳಿದರು. ಈ ಐಸ್ ಹತ್ತು ಸಾವಿರ ವರ್ಷದಿಂದ ಹಾಗೇ ಕೂತಿದೆ ಎಂದೂ ಯಾರೋ ಹೇಳಿದರು. ಇದು ನಿಜವೇ? ಈ ಆಗಸ್ಟಿನಲ್ಲಿ ಹಿಮನದಿಯ ಇನ್ನೊಂದು ತುದಿ ನೋಡಲು ಬ್ಲಾಟೆನ್ ಎಂಬ ಊರಿನಲ್ಲಿ ನಾಲ್ಕು ದಿನಕ್ಕೆ ಮನೆ ಗೊತ್ತುಮಾಡಿದ್ದೇವೆ. ಆದರೆ ಆ ಊರು 2025ರಲ್ಲಿ ಹಿಮನದಿ ಕುಸಿದು ಮುಚ್ಚಿಹೋಯಿತು ಎಂಬ ವಿಡಿಯೋ ನೆಂಟರೊಬ್ಬರು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. 'ಮುಂದಿನ ಸರದಿ ಅಲೆಚ್‌ನದು' ಎಂದೂ ಅದರಲ್ಲಿದೆ. ಅಳಿಯ ಇದಕ್ಕೆಲ್ಲ ನಗುತ್ತಾನೆ. ಹಿಮನದಿ ಮೈದಾನದ ಹಾಗೆ ಸಪಾಟಾಗಿದೆ, ಹತ್ತು ವರ್ಷದ ಮೊಮ್ಮಗನನ್ನು ಅದರ ಮೇಲೆ ನಡೆಸಿಕೊಂಡು ಬರುತ್ತೇನೆ, ಗೈಡ್ ಯಾಕೆ ಎನ್ನುತ್ತಾನೆ. ನನ್ನ ಹೆಂಡತಿಗೆ ಬಿಪಿ ಇದೆ, ಕಳೆದ ಸಲ ಮೇಲೆ ಹೋದಾಗ ತಲೆ ಸುತ್ತಿತ್ತು. ಹೋಗಬಹುದೇ, ಬಿಡಬೇಕೇ?

ಉತ್ತರ:

ಮೇಷ್ಟ್ರೇ, ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆ ಬುಕಿಂಗ್ ರದ್ದು ಮಾಡುವ ಮುಂಚೆ ಆ ಊರಿನ ಪೂರ್ತಿ ಹೆಸರು ನೋಡಿ. ಅಳಿಯನ ಯೋಜನೆಯನ್ನು ಮಾತ್ರ ಖಂಡಿತ ತಡೆಯಿರಿ.

ನಿಮ್ಮ ನೆಂಟರು ಕಳಿಸಿದ ವಿಡಿಯೋ ಸುಳ್ಳಲ್ಲ, ಅದರಲ್ಲಿರುವ ಊರು ಮಾತ್ರ ಬೇರೆ. ವಾಲೆ ಪ್ರಾಂತ್ಯದಲ್ಲಿ ಬ್ಲಾಟೆನ್ ಎಂಬ ಹೆಸರಿನ ಊರು ಎರಡಿವೆ. ಒಂದು ಲೋಚೆಂಟಾಲ್ ಕಣಿವೆಯಲ್ಲಿತ್ತು. 2025ರ ಮೇ 28ರಂದು ಮುಚ್ಚಿಹೋದದ್ದು ಅದು. ಇನ್ನೊಂದು ನಾಟರ್ಸ್ ಊರಿನ ಮೇಲ್ಗಡೆ ಇದೆ, 'ಬ್ಲಾಟೆನ್ ಬೈ ನಾಟರ್ಸ್' ಎನ್ನುತ್ತಾರೆ. ಬೆಟ್ಟದ ಮೇಲಿನ ಬೆಲ್‌ಆಲ್ಪ್ ಎಂಬ ಊರಿಗೆ ಕೇಬಲ್ ಕಾರ್ ಹತ್ತುವುದು ಇಲ್ಲಿಂದಲೇ. ಅಲೆಚ್‌ನ ಕೆಳತುದಿ ನೋಡಲು ಹೊರಟವರು ಉಳಿಯುವುದು ಈ ಎರಡನೆಯದರಲ್ಲಿ, ನಿಮ್ಮ ಮನೆಯೂ ಬಹುಶಃ ಇಲ್ಲೇ ಇರಬೇಕು. ಬುಕಿಂಗ್ ಕಾಗದದಲ್ಲಿ 'ನಾಟರ್ಸ್' ಎಂಬ ಶಬ್ದ ಇದೆಯೇ ಎಂದು ಮಗಳಿಗೆ ನೋಡಲು ಹೇಳಿ.

ಆದರೆ ಲೋಚೆಂಟಾಲ್‌ನಲ್ಲಿ ಏನಾಯಿತು ಎಂಬುದನ್ನು ಬಿಟ್ಟು ಮುಂದೆ ಹೋಗಲಾರೆ. ನಿಮ್ಮ ಹೆದರಿಕೆ ಹುಟ್ಟಿದ್ದೇ ಅಲ್ಲಿಂದ ಅಲ್ವಾ? ಆ ಊರಿನ ಮೇಲೆ ಬಿರ್ಖ್ ಎಂಬ ಚಿಕ್ಕ ಹಿಮನದಿ ಇತ್ತು. ತುಂಬಾ ಕಡಿದಾದ ಜಾಗ. ಅದರ ನೆತ್ತಿಯ ಮೇಲೆ ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ ಶಿಖರ. ಆ ಶಿಖರದ ಬಂಡೆ ಸಡಿಲವಾಗಿ, ದಿನಗಟ್ಟಲೆ ಕಲ್ಲು ಉದುರಿ ಉದುರಿ ಹಿಮನದಿಯ ಬೆನ್ನ ಮೇಲೆ ಬಿದ್ದಿತು. ಲಕ್ಷಾಂತರ ಘನ ಮೀಟರ್ ಕಲ್ಲಿನ ಹೊರೆ. ಆ ಭಾರಕ್ಕೆ ಹಿಮನದಿ ಜೋರಾಗಿ ಕೆಳಗೆ ಸರಿಯತೊಡಗಿತು. ಇದನ್ನು ಅಳೆಯುತ್ತಿದ್ದವರು ಎಚ್ಚರಿಕೆ ಕೊಟ್ಟರು. ಸುಮಾರು 300 ಜನರನ್ನು, ಅವರ ದನಕರುಗಳನ್ನು ಒಂದು ವಾರಕ್ಕೂ ಮೊದಲೇ ಊರಿನಿಂದ ಹೊರಗೆ ಕಳಿಸಿದರು. 28ರ ಮಧ್ಯಾಹ್ನ ಐಸು, ಕಲ್ಲು, ಮಣ್ಣು ಎಲ್ಲ ಒಟ್ಟಿಗೆ ಕೆಳಗಿಳಿಯಿತು. ಊರಿನ ಹೆಚ್ಚುಕಡಿಮೆ ಅಷ್ಟೂ ಭಾಗ ಮುಚ್ಚಿತು, ಲೋನ್‌ಜಾ ಹೊಳೆಗೆ ಅಡ್ಡ ಬಿತ್ತು. ಊರು ಬಿಟ್ಟವರೆಲ್ಲ ಉಳಿದರು. ತೆರವಾದ ಪ್ರದೇಶದ ಹೊರಗಿದ್ದ ಒಬ್ಬರು ಜೀವ ಕಳೆದುಕೊಂಡರು.

ಹಾಗಾಗಿ ಅದನ್ನು 'ಹಿಮನದಿ ಕುಸಿತ' ಎಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಶುರುವಾದದ್ದು ಬಂಡೆಯಿಂದ. ನಮ್ಮಲ್ಲೂ 2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಹೊಳೆ ಉಕ್ಕಿ 200ಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಮೊದಲ ದಿನ ಎಲ್ಲ ಕಡೆ 'ಗ್ಲೇಸಿಯರ್ ಸ್ಫೋಟ' ಎಂದು ಸುದ್ದಿ. ಆಮೇಲೆ ಉಪಗ್ರಹದ ಚಿತ್ರ ಹಿಡಿದು ನೋಡಿದಾಗ ಗೊತ್ತಾಯಿತು, ರೋಂಟಿ ಶಿಖರದ ಮಗ್ಗುಲಿನ ಬಂಡೆಯೇ ಐಸಿನ ಸಮೇತ ಕಿತ್ತು ಬಿದ್ದಿತ್ತು. ಎತ್ತರದ ಬೆಟ್ಟಗಳಲ್ಲಿ ಬಂಡೆಯ ಸಂದುಗಳೊಳಗೆ ವರ್ಷಪೂರ್ತಿ ಹೆಪ್ಪುಗಟ್ಟಿದ ನೀರು ಇರುತ್ತದೆ. ಗಾರೆಯ ಹಾಗೆ ಅದು ಕಲ್ಲನ್ನು ಕಲ್ಲಿಗೆ ಹಿಡಿದಿಟ್ಟಿರುತ್ತದೆ. ಸೆಕೆ ಏರಿದ ಹಾಗೆ ಆ ಗಾರೆ ಮೆತ್ತಗಾಗುತ್ತದೆ.

ಈಗ ಅಲೆಚ್ ನೋಡಿ. ಇಡೀ ಆಲ್ಪ್ಸ್‌ನಲ್ಲೇ ಅತಿ ದೊಡ್ಡ ಹಿಮನದಿ ಇದು. ಉದ್ದ 20 ಕಿಲೋಮೀಟರ್‌ಗೂ ಹೆಚ್ಚು, ಬೆಂಗಳೂರಿನಲ್ಲಾದರೆ ಮೆಜೆಸ್ಟಿಕ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಅನ್ನಿ. ಹರವು 80 ಚದರ ಕಿಲೋಮೀಟರ್‌ನಷ್ಟು. ನಡುವೆ ಕಾನ್‌ಕಾರ್ಡಿಯಾ ಎಂಬ ಬಯಲಿನಂಥ ಜಾಗದಲ್ಲಿ ಐಸು ಸುಮಾರು 800 ಮೀಟರ್ ದಪ್ಪ. ನಿಮ್ಮೂರಿನ ಜೋಗದ ಎತ್ತರ 253 ಮೀಟರ್. ಒಂದರ ಮೇಲೊಂದು ಮೂರು ಜೋಗ ನಿಲ್ಲಿಸಿದರೂ ಅದರೊಳಗೆ ಮುಳುಗಿಹೋಗುತ್ತವೆ. ಇಂಥ ಹಿಮನದಿ ಉದ್ದವಾದ, ಇಳಿಜಾರು ಕಡಿಮೆ ಇರುವ ಕಣಿವೆಯಲ್ಲಿ ಮಲಗಿದೆ. ಬಿರ್ಖ್ ಸೂರಿನಿಂದ ಜಾರುವ ಹಂಚಿನ ಹಾಗೆ ನೇತುಬಿದ್ದಿತ್ತು. ಅದು ಬಿದ್ದಂತೆ ಇದು ಒಟ್ಟಿಗೆ ಕಿತ್ತುಕೊಂಡು ಬೀಳುವುದಿಲ್ಲ. 'ಮುಂದಿನ ಸರದಿ ಅಲೆಚ್‌ನದು' ಎಂದು ಹೇಳಿದವರು ಎರಡರ ಆಕಾರವನ್ನೂ ನೋಡಿಲ್ಲ.

ಹಾಗಂತ ಅಲೆಚ್‌ನಿಂದ ಅಪಾಯವೇ ಇಲ್ಲ ಅನ್ನುತ್ತಿಲ್ಲ. ಅಪಾಯದ ಬಗೆ ಬೇರೆ. ಅದನ್ನು ಹೇಳಬೇಕಾದರೆ ಈ ಹಿಮನದಿ ಬದುಕುವ ರೀತಿ ಸ್ವಲ್ಪ ಹೇಳಬೇಕು.

ಮಳೆಗಾಲದಲ್ಲಿ ಲಿಂಗನಮಕ್ಕಿಯ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ದಿನಾ ಬೆಳಿಗ್ಗೆ ಪೇಪರಿನಲ್ಲಿ ನೋಡುತ್ತೀರಲ್ಲ? ಹಿಮನದಿಯ ಲೆಕ್ಕವೂ ಅದೇ. ಯುಂಗ್‌ಫ್ರೌ, ಮೋಂಖ್ ಶಿಖರಗಳ ತೆಂಕಣ ಮಗ್ಗುಲಲ್ಲಿ, ಮೇಲ್ಗಡೆ, ಬೇಸಿಗೆಯಲ್ಲೂ ಪೂರ್ತಿ ಕರಗದಷ್ಟು ಹಿಮ ಬೀಳುತ್ತದೆ. ಅದು ಒಳಹರಿವು. ಈ ವರ್ಷದ ಹಿಮದ ಮೇಲೆ ಮುಂದಿನ ವರ್ಷದ್ದು ಬಿದ್ದು, ಅಡಿಯದು ಒತ್ತಿಕೊಂಡು, ನಡುವಿನ ಗಾಳಿ ಹೊರಟುಹೋಗಿ ಮೊದಲು ಸಕ್ಕರೆಯಂಥ ಹರಳಾಗುತ್ತದೆ. ಅದಕ್ಕೆ ಅಲ್ಲಿಯವರು ಫಿರ್ನ್ ಎನ್ನುತ್ತಾರೆ. ಇನ್ನೂ ಒತ್ತಿದರೆ ಗಟ್ಟಿ ಐಸ್. ಕೆಳಗಡೆ ತುದಿಯ ಕಡೆ ಬೇಸಿಗೆಯಲ್ಲಿ ಕರಗುವುದೇ ಜಾಸ್ತಿ. ಅದು ಹೊರಹರಿವು. ಎರಡರ ನಡುವೆ ಒಂದು ಗಡಿ. ಅದರ ಮೇಲೆ ಉಳಿತಾಯ, ಕೆಳಗೆ ಖರ್ಚು. ಮೇಲಿನ ಉಳಿತಾಯವನ್ನು ಕೆಳಗಿನ ಖರ್ಚಿಗೆ ತಂದುಕೊಡುವುದು ಐಸಿನ ಹರಿವು.

ಗಟ್ಟಿ ಐಸು ಹರಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಜೋನಿಬೆಲ್ಲ ನೆನಪಿಸಿಕೊಳ್ಳಿ ಎನ್ನುತ್ತೇನೆ. ಡಬ್ಬಿ ಓರೆ ಮಾಡಿದರೆ ಕೂಡಲೇ ಬೀಳುವುದಿಲ್ಲ, ಆದರೆ ನಿಂತೂ ಇರುವುದಿಲ್ಲ. ಐಸಿನ ಮೇಲೆ ಹತ್ತಾರು ಮೀಟರ್ ಐಸಿನದೇ ಭಾರ ಬಿದ್ದಾಗ ಅಡಿಯದು ಹೀಗೆಯೇ ಮೆಲ್ಲಗೆ ಹರಿಯುತ್ತದೆ. ಜೊತೆಗೆ ಬುಡದಲ್ಲಿ ಕರಗಿದ ನೀರು ಸೇರಿಕೊಂಡು ಬಂಡೆಯ ಮೇಲೆ ಜಾರುತ್ತದೆ. ಕಾನ್‌ಕಾರ್ಡಿಯಾದ ಹತ್ತಿರ ಅಲೆಚ್ ವರ್ಷಕ್ಕೆ 200 ಮೀಟರ್‌ನ ಆಸುಪಾಸು ಸಾಗುತ್ತದೆ. ಅಂದರೆ ದಿನಕ್ಕೆ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಕೆಳಗೆ ಬಂದ ಹಾಗೆ ನಿಧಾನ. ಹೀಗಾಗಿ ನಮ್ಮ 'ಹಿಮನದಿ' ಎಂಬ ಶಬ್ದ ನನಗೆ ಬಹಳ ಇಷ್ಟ. ವಿಜ್ಞಾನ ಹೇಳಬೇಕಾದ್ದನ್ನು ಆ ಶಬ್ದವೇ ಹೇಳಿಬಿಡುತ್ತದೆ.

ಹತ್ತು ಸಾವಿರ ವರ್ಷದ ಮಾತಿಗೂ ಉತ್ತರ ಇಲ್ಲೇ ಇದೆ. ಶರಾವತಿ ಹಳೆಯದು, ಇವತ್ತು ಹರಿಯುವ ನೀರು ಹಳೆಯದಲ್ಲ. ಅಲೆಚ್‌ನ ಕಣಿವೆ, ಹರಿವಿನ ದಾರಿ ಪುರಾತನ. ಕೆಳತುದಿಯಲ್ಲಿ ಇವತ್ತು ಕರಗುತ್ತಿರುವ ಐಸು ಮಾತ್ರ ಕೆಲವು ನೂರು ವರ್ಷದ ಹಿಂದೆ ಮೇಲೆ ಬಿದ್ದ ಹಿಮ. 1926ರಲ್ಲಿ ಈ ಹಿಮನದಿಯ ಮೇಲೆ ಹೊರಟ ಮೂವರು ಅಣ್ಣತಮ್ಮಂದಿರು ಮರಳಿ ಬರಲಿಲ್ಲ. 2012ರಲ್ಲಿ ಅವರ ಅವಶೇಷ ಐಸಿನ ಮೇಲ್ಮೈಯಲ್ಲಿ ಸಿಕ್ಕಿತು. ಐಸಿನ ಹರಿವನ್ನು ಲೆಕ್ಕಹಾಕಿ ನೋಡಿದವರು ಹೇಳಿದ್ದು, ಅವರು ಸುಮಾರು 10 ಕಿಲೋಮೀಟರ್ ಕೆಳಗೆ ಸಾಗಿ ಬಂದಿದ್ದರು ಎಂದು. ಮೇಲ್ಗಡೆ ಹಿಮ ಮುಚ್ಚುತ್ತ ಹೋದ ಹಾಗೆ ಒಳಗಿಳಿದರು, ಕೆಳಗಡೆ ಐಸ್ ಕರಗುತ್ತ ಬಂದ ಹಾಗೆ ಮೇಲೆದ್ದರು. ಮನೆಯವರು 86 ವರ್ಷ ಕಾದಿದ್ದರು. ಹರಿವಿನ ಲೆಕ್ಕ ಮಾಡುವಾಗೆಲ್ಲ ನನಗೆ ಆ ಮನೆ ನೆನಪಾಗುತ್ತದೆ.

ಇನ್ನು ಕಪ್ಪು ಗೆರೆ. ಮಸಿಯೂ ಅಲ್ಲ, ರಸ್ತೆಯೂ ಅಲ್ಲ. ಯುಂಗ್‌ಫ್ರೌಯೋಖ್‌ಗೆ 1912ರಲ್ಲಿ ಮುಟ್ಟಿದ ಆ ರೈಲು ಮೊದಲಿನಿಂದಲೂ ಕರೆಂಟಿನಲ್ಲಿ ಓಡುವಂಥದ್ದು, ಮಸಿ ಉಗುಳುವ ಎಂಜಿನ್ ಅಲ್ಲಿರಲೇ ಇಲ್ಲ. ಕಾನ್‌ಕಾರ್ಡಿಯಾದಲ್ಲಿ ಮೂರು ದೊಡ್ಡ ಐಸಿನ ಹೊಳೆಗಳು ಕೂಡುತ್ತವೆ: ಗ್ರೋಸರ್ ಅಲೆಚ್‌ಫಿರ್ನ್, ಯುಂಗ್‌ಫ್ರೌಫಿರ್ನ್, ಏವಿಗ್‌ಶ್ನೇಫೆಲ್ಡ್. ಪ್ರತಿಯೊಂದೂ ತನ್ನ ದಡದ ಬೆಟ್ಟದಿಂದ ಉದುರಿದ ಕಲ್ಲನ್ನು ಅಂಚಿನಲ್ಲಿ ಹೊತ್ತುಕೊಂಡು ಬರುತ್ತದೆ. ನೀರಿನ ಹೊಳೆಗಳಾದರೆ ಕೂಡಿದಲ್ಲಿ ಬೆರೆತುಹೋಗುತ್ತವೆ. ಐಸು ಬೆರೆಯುವುದಿಲ್ಲ, ಮಗ್ಗುಲಿಗೆ ಮಗ್ಗುಲು ಒತ್ತಿಕೊಂಡು ಸಾಗುತ್ತದೆ. ಆಗ ಎರಡರ ಅಂಚಿನ ಕಲ್ಲುಗಳು ನಡುವೆ ಒಂದೇ ಸಾಲಾಗುತ್ತವೆ. ಮೂರು ಹೊಳೆ, ಎರಡು ಸೇರುವೆ, ಎರಡು ಗೆರೆ. ಇಂಥ ಕಲ್ಲಿನ ಸಾಲಿಗೆ ಮೊರೇನ್ ಎನ್ನುತ್ತಾರೆ. ಒಂದಕ್ಕೆ ಕ್ರಾಂಜ್‌ಬೆರ್ಗ್ ಮೊರೇನ್, ಇನ್ನೊಂದಕ್ಕೆ ಟ್ರೂಗ್‌ಬೆರ್ಗ್ ಮೊರೇನ್ ಎಂದು ಹೆಸರು, ಆ ಕಲ್ಲು ಕೊಟ್ಟ ಬೆಟ್ಟಗಳದ್ದೇ ಹೆಸರು. ಕಿಲೋಮೀಟರ್‌ಗಟ್ಟಲೆ ಕೆಳಗೆ ಹೋದರೂ ಆ ಗೆರೆ ಅಳಿಸುವುದಿಲ್ಲ. ಈ ಐಸು ಯಾವ ಬೆಟ್ಟದಿಂದ ಬಂತು ಎಂಬುದನ್ನು ಹಿಮನದಿಯ ಪಕ್ಕದ ಬೆಟ್‌ಮರ್‌ಹಾರ್ನ್ ಬೆಟ್ಟದ ಮೇಲೆ ನಿಂತು ಬರಿಗಣ್ಣಿನಲ್ಲಿ ಓದಬಹುದು. ಸಂಗಮ ನೋಡಿ ಬೆಳೆದ ನಮ್ಮ ಜನಕ್ಕೆ ಇದು ಥಟ್ಟನೆ ಅರ್ಥವಾಗುತ್ತದೆ.

ಹತ್ತಿರ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಗೋಲಿಯಷ್ಟು ಚಿಕ್ಕ ಕಪ್ಪು ಕಲ್ಲು ಐಸಿನ ಮೇಲೆ ಬಿದ್ದಿದ್ದರೆ ಅದು ಬಿಸಿಲು ಕುಡಿದು ಕಾಯುತ್ತದೆ, ತನ್ನ ಸುತ್ತಲಿನ ಐಸನ್ನು ಕರಗಿಸಿಕೊಂಡು ಒಳಗಿಳಿಯುತ್ತದೆ. ಒಂದು ಗೇಣು ಆಳದ ಗುಂಡಿ, ಅದರೊಳಗೆ ತಿಳಿನೀರು, ತಳದಲ್ಲಿ ಕಪ್ಪು ಹುಡಿ. ಬೆರಳು ಹಾಕಿದರೆ ಜೋಮು ಹಿಡಿಯುತ್ತದೆ. ಅದೇ ರುಬ್ಬುವ ಕಲ್ಲಿಗಿಂತ ದೊಡ್ಡ ಬಂಡೆಯಾದರೆ ನಡೆಯುವುದು ತಿರುವುಮುರುವು. ಬಿಸಿಲು ಅದರ ಅಡಿಯವರೆಗೆ ಇಳಿಯುವುದಿಲ್ಲ, ಅದು ಐಸಿಗೆ ಕೊಡೆಯಾಗುತ್ತದೆ. ಸುತ್ತಲಿನ ಐಸು ಕರಗಿ ತಗ್ಗಾಗುತ್ತದೆ, ಬಂಡೆ ಮಾತ್ರ ಐಸಿನ ಕಾಲಿನ ಮೇಲೆ ಮೇಜಿನ ಹಾಗೆ ಎದ್ದು ನಿಲ್ಲುತ್ತದೆ. ಒಂದು ದಿನ ಕಾಲು ಸೋತು ಪಕ್ಕಕ್ಕೆ ಉರುಳುತ್ತದೆ. ಆ ಕಪ್ಪು ಗೆರೆಗಳು ಐಸಿಗಿಂತ ಎತ್ತರದ ದಿಬ್ಬವಾಗಿರುವುದೂ ಇದೇ ಕಾರಣಕ್ಕೆ. ಹಾಗಾಗಿ 'ಕಪ್ಪಾದರೆ ಬೇಗ ಕರಗುತ್ತದೆ' ಎಂಬ ಮಾತು ತೆಳು ಧೂಳಿಗೆ ನಿಜ, ದಪ್ಪ ಕಲ್ಲಿಗೆ ಅಲ್ಲ. ಸಹಾರಾದಿಂದ ಗಾಳಿಯಲ್ಲಿ ಬರುವ ಧೂಳು ಆಲ್ಪ್ಸ್‌ನ ಹಿಮದ ಮೇಲೆ ತೆಳ್ಳಗೆ ಕೂತ ವರ್ಷ ಕರಗುವಿಕೆ ಜೋರಾಗುತ್ತದೆ. ನಮ್ಮ ಗಂಗೋತ್ರಿ ಹಿಮನದಿಯ ಕೆಳಭಾಗದಲ್ಲಿ ಕಲ್ಲುಮಣ್ಣು ದಪ್ಪಗೆ ಹೊದ್ದುಕೊಂಡಿದೆ. ಗೋಮುಖಕ್ಕೆ ಹೋದವರು 'ಐಸೇ ಕಾಣಲಿಲ್ಲ, ಬರೀ ಕಲ್ಲು' ಎಂದು ಬೇಸರಪಡುವುದು ಇದರಿಂದಲೇ. ಅವರು ನಿಂತದ್ದು ಐಸಿನ ಪಕ್ಕದಲ್ಲೇ.

ಈಗ ಬೇಸರದ ಭಾಗ. ಅಲೆಚ್‌ನ ಹೊರಹರಿವು ಒಳಹರಿವಿಗಿಂತ ಜಾಸ್ತಿಯಾಗಿ ಬಹಳ ಕಾಲವಾಯಿತು. 1860ರ ಹೊತ್ತಿಗೆ ಇದು ಈಗಿನದಕ್ಕಿಂತ ಸುಮಾರು 3 ಕಿಲೋಮೀಟರ್ ಉದ್ದವಿತ್ತು. ಕಾನ್‌ಕಾರ್ಡಿಯಾದ ಬಂಡೆಯ ಮೇಲೆ 1877ರಲ್ಲಿ ಒಂದು ತಂಗುಮನೆ ಕಟ್ಟಿದರು. ಆಗ ಐಸಿನಿಂದ ಸ್ವಲ್ಪ ಹತ್ತಿದರೆ ಬಾಗಿಲು ಸಿಗುತ್ತಿತ್ತು. ಈಗ ಐಸು ಎಷ್ಟು ತಗ್ಗಿದೆ ಎಂದರೆ ಬಂಡೆಗೆ ಕಬ್ಬಿಣದ ಮೆಟ್ಟಿಲು ಹೊಡೆದಿದ್ದಾರೆ, ನಾನೂರಕ್ಕೂ ಹೆಚ್ಚು ಮೆಟ್ಟಿಲು. ತಗ್ಗಿದ ಹಾಗೆಲ್ಲ ಕೆಳಗೆ ಇನ್ನಷ್ಟು ಸೇರಿಸುತ್ತಾರೆ. ಸ್ವಿಸ್ ಹಿಮನದಿಗಳೆಲ್ಲ ಸೇರಿ 2022 ಮತ್ತು 2023 ಎರಡೇ ವರ್ಷದಲ್ಲಿ ತಮ್ಮ ಐಸಿನ ಹತ್ತರಲ್ಲಿ ಒಂದು ಪಾಲು ಕಳೆದುಕೊಂಡವು. ಐಸಿಗೆ ಕೊರೆದು ನೆಟ್ಟ ಅಳತೆಕೋಲು ಬೇಸಿಗೆ ಮುಗಿಯುವಷ್ಟರಲ್ಲಿ ನನ್ನ ತಲೆಗಿಂತ ಎತ್ತರಕ್ಕೆ ಎದ್ದು ನಿಂತದ್ದನ್ನು ನೋಡಿದಾಗ, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

'ಹಿಂದೆಯೂ ಕರಗಿತ್ತಂತೆ, ಇದು ಪ್ರಕೃತಿಯ ಆಟ' ಎನ್ನುವವರೂ ನಿಮಗೆ ಸಿಗುತ್ತಾರೆ. ಹಿಂದೆ ಚಿಕ್ಕದಾಗಿತ್ತು ಎಂಬುದು ನಿಜ, ಕಂಚಿನ ಯುಗದಲ್ಲಿ ಅಲೆಚ್ ಗಿಡ್ಡವಾಗಿತ್ತು. ಆದರೆ ದೊಡ್ಡ ಹಿಮನದಿ ತಡವಾಗಿ ಉತ್ತರ ಕೊಡುತ್ತದೆ. ಇವತ್ತಿನ ಸೆಕೆಯ ಪೂರ್ತಿ ಪರಿಣಾಮ ಅದರ ತುದಿಯಲ್ಲಿ ಕಾಣಲು ಹತ್ತಾರು ವರ್ಷ ಬೇಕು. ಈಗ ಕಾಣುತ್ತಿರುವ ಉದ್ದ ಹಳೆಯ ಹವೆಯ ಸಾಲದ ಮೇಲೆ ನಿಂತಿದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2019ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಲೋಕದ ಬಿಸಿ 2 ಡಿಗ್ರಿಯೊಳಗೆ ನಿಂತರೂ ಈ ಶತಮಾನದ ಕೊನೆಗೆ ಅಲೆಚ್‌ನ ಐಸು ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಹೊಗೆ ಉಗುಳುವುದನ್ನು ಕಡಿಮೆ ಮಾಡದೇ ಹೋದರೆ ಮೇಲ್ಗಡೆ ಅಲ್ಲೊಂದು ಇಲ್ಲೊಂದು ತೇಪೆ ಅಷ್ಟೇ. ಬಿಳಿ ಕಂಬಳಿ ಹೊದಿಸಿ ಉಳಿಸಬಹುದಂತೆ ಎಂಬ ಮಾತೂ ಇದೆ. ರೋನ್ ಹಿಮನದಿಯ ತುದಿಯಲ್ಲಿ ಪ್ರವಾಸಿಗರಿಗಾಗಿ ಕೊರೆದ ಐಸಿನ ಗುಹೆಯ ಸುತ್ತ ಹಾಗೆ ಹೊದಿಸುತ್ತಾರೆ, ಆ ತುಂಡಿನ ಮಟ್ಟಿಗೆ ಕರಗುವುದು ನಿಧಾನವಾಗುತ್ತದೆ. 80 ಚದರ ಕಿಲೋಮೀಟರ್‌ಗೆ ಹೊದಿಸುವ ಕಂಬಳಿ ಯಾರಲ್ಲೂ ಇಲ್ಲ.

ಅಲೆಚ್ ತಪ್ಪಲಿನ ಫೀಶ್ ಊರಿನವರ ಕಥೆ ಕೇಳಿ. ಆ ಕಾಲದಲ್ಲಿ ಹಿಮನದಿ ಬೆಳೆದು ಹೊಲದ ಕಡೆ ಬರುತ್ತಿತ್ತು. ಅದು ಅಡ್ಡಗಟ್ಟಿದ ಮ್ಯಾರ್ಯೆಲೆನ್ ಸರೋವರ ಒಡೆದು ಊರಿಗೆ ನೀರು ನುಗ್ಗುತ್ತಿತ್ತು. 'ದೇವರೇ, ಇದು ಬೆಳೆಯದಿರಲಿ' ಎಂದು 1678ರಲ್ಲಿ ಅವರು ಹರಕೆ ಹೊತ್ತರು. ತಲೆತಲಾಂತರ ಹಾಗೇ ಬೇಡಿಕೊಂಡು ಬಂದರು. 2010ರಲ್ಲಿ ವ್ಯಾಟಿಕನ್‌ನ ಅನುಮತಿ ಪಡೆದು ಬೇಡಿಕೆಯನ್ನೇ ತಿರುಗಿಸಿದರು, 'ಇದು ಕರಗದಿರಲಿ' ಎಂದು. ಮಳೆ ಬರಲಿ ಎಂದೂ ನಿಲ್ಲಲಿ ಎಂದೂ ಪೂಜೆ ಮಾಡಿಸಿದ ಮಲೆನಾಡಿನವರಿಗೆ ಆ ಊರಿನ ಸಂಕಟ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಿಮ್ಮ ಪ್ರವಾಸದ ವಿಚಾರ.

ಅಳಿಯನಿಗೆ ಹೇಳಿ, ಮೈದಾನದ ಹಾಗೆ ಕಾಣುವುದೇ ಅಪಾಯ. ಅಡಿಯ ಐಸು ಜೋನಿಬೆಲ್ಲದ ಹಾಗೆ ಹರಿದರೂ ಮೇಲಿನ ಪದರ ಹಾಗಲ್ಲ, ಅದು ಒಣಗಿದ ಬೆಲ್ಲದಚ್ಚಿನ ಹಾಗೆ ಸಿಡಿಯುತ್ತದೆ. ತಿರುವಿನಲ್ಲಿ, ಉಬ್ಬಿನ ಮೇಲೆ ಎಳೆತ ಬಿದ್ದಲ್ಲಿ ಬಾಯಿ ತೆರೆಯುತ್ತದೆ. ಹತ್ತಾರು ಮೀಟರ್ ಆಳದ ಬಿರುಕುಗಳು. ಮೇಲ್ಗಡೆ, ಯುಂಗ್‌ಫ್ರೌಯೋಖ್ ಕಡೆ, ಆಗಸ್ಟಿನಲ್ಲೂ ಅವುಗಳ ಬಾಯಿಗೆ ಹಿಮದ ತೆಳು ಮುಚ್ಚಳ ಇರುತ್ತದೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ನಾವು ವರ್ಷಗಟ್ಟಲೆ ಇದೇ ಕೆಲಸ ಮಾಡಿದವರೂ ಅಲ್ಲಿ ಹಗ್ಗ ಕಟ್ಟಿಕೊಳ್ಳದೆ ಹೆಜ್ಜೆ ಇಡುವುದಿಲ್ಲ. ಒಮ್ಮೆ ನನ್ನ ಮುಂದಿದ್ದ ಸಹೋದ್ಯೋಗಿ ಮಾತಾಡುತ್ತ ಮಾತಾಡುತ್ತ ಸೊಂಟದವರೆಗೆ ಇಳಿದುಹೋದರು. ಹಗ್ಗ ಬಿಗಿಯಾಗಿತ್ತು, ಎಳೆದುಕೊಂಡೆವು. ಅವರ ಕಾಲಡಿ ತೆರೆದ ಕಂಡಿಯಲ್ಲಿ ಮೊದಲು ತಿಳಿನೀಲಿ, ಆಮೇಲೆ ಕಡುನೀಲಿ, ಆಮೇಲೆ ಕತ್ತಲು. ಕೆಳಗಡೆ, ಹಿಮ ಕರಗಿ ಬರೀ ಐಸು ತೋರುವ ಕಡೆ, ಬಿರುಕು ಕಣ್ಣಿಗೆ ಕಾಣುತ್ತದೆ. ಆದರೆ ಜಾರುತ್ತದೆ. ಮೇಲೆ ಹರಿಯುವ ತೊರೆಗಳು ಒಂದೊಂದು ಕಡೆ ಬಾವಿಯಂಥ ತೂತಿನೊಳಗೆ ದಬದಬ ಬೀಳುತ್ತಿರುತ್ತವೆ. ಅದರ ಅಂಚಿನಲ್ಲಿ ಜಾರಿದರೆ ಮರಳುವ ದಾರಿಯಿಲ್ಲ.

ಹುಡುಗನಿಗೆ ಐಸಿನ ಮೇಲೆ ಕಾಲಿಡುವ ಆಸೆ ಇದ್ದರೆ ದಾರಿ ಇದೆ. ಮ್ಯಾರ್ಯೆಲೆನ್ ಕಡೆಯಿಂದ, ಲೈಸೆನ್ಸ್ ಇರುವ ಪರ್ವತ ಗೈಡ್‌ಗಳು ಜನರನ್ನು ಹಗ್ಗದಲ್ಲಿ ಕಟ್ಟಿಕೊಂಡು ಹಿಮನದಿಯ ಮೇಲೆ ಕರೆದೊಯ್ಯುತ್ತಾರೆ, ಬೂಟಿಗೆ ಮೊಳೆಪಟ್ಟಿಯನ್ನೂ ಕೊಡುತ್ತಾರೆ. ಮಕ್ಕಳ ವಯಸ್ಸಿನ ಮಿತಿ ಕೇಳಿಕೊಂಡು ಬುಕ್ ಮಾಡಿ. ಐಸಿನವರೆಗೆ ಹೋಗಿ ಬರುವ ನಡಿಗೆಯೂ ಇದೆ, ಹುಡುಗನಿಗೆ ಅಷ್ಟು ಕಸುವು ಇದೆಯೇ ನೋಡಿ. ಯುಂಗ್‌ಫ್ರೌಯೋಖ್‌ನಿಂದ ಇಳಿದು ಬರುವ ಎರಡು ದಿನದ ದಾರಿ ಹತ್ತು ವರ್ಷದ ಹುಡುಗನಿಗೆ ಬೇಡ. ಅಲ್ಲಿ ಮೇಲೆ ಸಾಮಾನ್ಯ ಪ್ರವಾಸಿಗರಿಗೆಂದು ಗುರುತು ಹಾಕಿದ ಹಿಮದ ದಾರಿ ಇದೆ, ಅದರಲ್ಲಿ ನಡೆಯಬಹುದು. ಫೋಟೋಗೆ ಎಂದು ಗುರುತಿನ ಆಚೆ ಹತ್ತು ಹೆಜ್ಜೆಯೂ ಹೋಗಬೇಡಿ.

ನಿಮ್ಮ ಮನೆಯವರ ವಿಷಯ. ಯುಂಗ್‌ಫ್ರೌಯೋಖ್ 3,454 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ರೈಲು ಕೆಲವೇ ಗಂಟೆಯಲ್ಲಿ ಮೇಲೇರಿಸುತ್ತದೆ, ಮೈ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆ ಸುತ್ತುವುದು ಅಲ್ಲಿ ಸಾಮಾನ್ಯ, ಆದರೆ ನಾನು ಡಾಕ್ಟರಲ್ಲ. ಹೊರಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ನನ್ನನ್ನು ಕೇಳಿದರೆ ಈ ಸಲ ಅಷ್ಟು ಮೇಲೆ ಹೋಗುವ ಅಗತ್ಯವೇ ಇಲ್ಲ. ಬೆಟ್‌ಮರ್‌ಹಾರ್ನ್ ಕೇಬಲ್ ಕಾರ್ ನಿಲ್ದಾಣ 2,600 ಮೀಟರ್ ಚಿಲ್ಲರೆ, ಮೋಸ್‌ಫ್ಲೂ ಇನ್ನೂ ಕೆಳಗೆ, 2,333. ಅಲೆಚ್‌ನ ಹರಿವು, ಆ ಎರಡು ಗೆರೆ ಇಲ್ಲಿಂದ ಕಾಣುವಷ್ಟು ಚೆನ್ನಾಗಿ ಯುಂಗ್‌ಫ್ರೌಯೋಖ್‌ನಿಂದ ಕಾಣುವುದಿಲ್ಲ. ಇನ್ನೂ ಆರಾಮಾಗಿ ಬೇಕೆಂದರೆ ನಿಮ್ಮ ಬ್ಲಾಟೆನ್‌ನಿಂದಲೇ ಬೆಲ್‌ಆಲ್ಪ್‌ಗೆ ಏರಿ, ಸಪಾಟು ದಾರಿಯಲ್ಲಿ ನಿಧಾನ ನಡೆದು ಹಿಮನದಿಯ ಕೆಳತುದಿ ನೋಡಬಹುದು. ನನಗೆ ಅದು ಹೆಚ್ಚು ಇಷ್ಟ, ಬೇಸರವೂ ಅಲ್ಲೇ ಹೆಚ್ಚು. ಬೋಳು ಬಂಡೆಯ ಕಣಿವೆಯ ತಳದಲ್ಲಿ ಬೂದು ಬಣ್ಣದ ನಾಲಿಗೆಯ ಹಾಗೆ ಐಸು ಕಾಣುತ್ತದೆ. ಅದರ ಬಾಯಿಂದ ಹುಟ್ಟುವ ಮಾಸಾ ಹೊಳೆಯ ನೀರು ಗೆಬಿಡೆಮ್ ಅಣೆಕಟ್ಟಿನಲ್ಲಿ ನಿಂತು, ಕರೆಂಟ್ ಕೊಟ್ಟು, ರೋನ್ ನದಿ ಸೇರುತ್ತದೆ. ಶರಾವತಿ ಕಡೆಯವರಿಗೆ ಗೊತ್ತಿರುವ ಕಥೆಯೇ.

ಆಗಲೇ ಬೇರೆ ಬಗೆಯ ಅಪಾಯ ಎಂದೆನಲ್ಲ, ಅದರಲ್ಲಿ ದಡದ ಮಗ್ಗುಲುಗಳದ್ದೂ ಒಂದು. ಶತಮಾನಗಟ್ಟಲೆ ಐಸು ಕಣಿವೆಯ ಎರಡೂ ಗೋಡೆಗಳಿಗೆ ಒತ್ತುಗೊಟ್ಟು ನಿಂತಿತ್ತು. ಐಸು ತಗ್ಗಿದ ಮೇಲೆ ಆ ಆಸರೆ ಹೋಯಿತು. ಮೋಸ್‌ಫ್ಲೂ ಕೆಳಗಿನ ಇಳಿಜಾರು 2016ರ ಶರತ್ಕಾಲದಲ್ಲಿ ಜೋರಾಗಿ ಸರಿಯತೊಡಗಿ, ನೆಲ ಬಿರಿದು, ಕಾಲುದಾರಿಗಳನ್ನು ಮುಚ್ಚಬೇಕಾಯಿತು. ಮೇಲಿನ ಕೇಬಲ್ ಕಾರ್ ನಿಲ್ದಾಣವನ್ನು ನೆಲ ಸರಿದರೂ ಹೊಂದಿಸಿಕೊಳ್ಳುವ ಹಾಗೆ ಕಟ್ಟಿದ್ದಾರೆ, ಅಲ್ಲಿ ಹೆದರಬೇಡಿ. ಕೆಳಗಿನ ದಾರಿಗೆ ಅಡ್ಡ ಹಗ್ಗ ಕಟ್ಟಿ ಬೋರ್ಡ್ ಹಾಕಿದ್ದರೆ ದಾಟಬೇಡಿ. 'ಯಾರೂ ಇಲ್ಲ, ಸುಮ್ನೆ ಐದು ನಿಮಿಷ' ಎನ್ನುವುದು ಬೇಡ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದೂ ಆಗಸ್ಟಿನಲ್ಲಿ ಮಾಮೂಲು, ಬೆಳಿಗ್ಗೆಯೇ ಹೊರಡಿ.

ಒಂದು ದಿನ ಅಲೆಚ್ ಕಾಡಿಗೆ ಇಟ್ಟುಕೊಳ್ಳಿ. 1933ರಿಂದ ಕಾಪಾಡಿಕೊಂಡು ಬಂದ ಕಾಡು. ಅಲ್ಲಿ ಒಂದು ಗೆರೆ ಇದೆ, ಯಾರೂ ಎಳೆದದ್ದಲ್ಲ. ಗೆರೆಯ ಮೇಲೆ ನೂರಾರು ವರ್ಷದ ಅರೋಲಾ ಪೈನ್ ಮರಗಳು, ಕೆಳಗೆ ತಿಳಿ ಬಣ್ಣದ ಬಂಡೆ, ಎಳೆಯ ಲಾರ್ಚ್, ಬರ್ಚ್ ಗಿಡಗಳು. 1860ರ ಆಸುಪಾಸಿನಲ್ಲಿ ಐಸು ನಿಂತಿದ್ದದ್ದು ಅಲ್ಲಿಯವರೆಗೆ. ಮೊಮ್ಮಗನನ್ನು ಆ ಗೆರೆಯ ಮೇಲೆ ನಿಲ್ಲಿಸಿ, ಕೆಳಗಿನ ಐಸೂ ಎದುರಿನ ದಡದ ಗೆರೆಯೂ ಒಟ್ಟಿಗೆ ಬರುವ ಹಾಗೆ ಒಂದು ಫೋಟೋ ತೆಗೆಯಿರಿ. ನಾವು ಕೆಲಸದಲ್ಲಿ ಮಾಡುವುದೂ ಅದನ್ನೇ: ಒಂದೇ ಜಾಗ, ಒಂದೇ ದಿಕ್ಕು, ಬೇರೆ ಬೇರೆ ವರ್ಷ. ನಿಂತ ಬಂಡೆ ಯಾವುದು, ತಾರೀಕು ಎಷ್ಟು ಎಂದು ಹುಡುಗನ ಕೈಯಲ್ಲೇ ಫೋಟೋದ ಹಿಂದೆ ಬರೆಸಿಡಿ. ಆಗುವುದಾದರೆ ನನಗೂ ಒಂದು ಪ್ರತಿ ಕಳಿಸಿ.